ಪಪ್ಪನ ಕೋಣೆಯ ಗಾಳಿ

"ಇಳಿಯಿರಿ ಕೆಳಗೆ! ಯಾರನ್ನು ಕೇಳಿ ಆ ಗೋಡೆಗೆ ಮೊಳೆ ಹೊಡೀತಿದ್ದೀರಿ?"

ಸ್ಟೂಲಿನ ಮೇಲೆ ನಿಂತಿದ್ದ ಯುವಕ ಬೆಚ್ಚಿ ತಿರುಗಿದ. ಕೈಯಲ್ಲಿ ಸುತ್ತಿಗೆ, ತುಟಿಗಳ ನಡುವೆ ಮೊಳೆ. ಉತ್ತರ ಕೊಡಲು ಬಾಯಿಯೇ ಖಾಲಿ ಇರಲಿಲ್ಲ!

ಶಾಲೆಯಿಂದ ಆಗಷ್ಟೇ ಬಂದಿದ್ದ ರೇಚಲ್ ಟೀಚರ್ ಕಣ್ಣು ಕೆಂಡವಾಗಿತ್ತು. ಅದು ಪಪ್ಪನ ಕೋಣೆ. ಪಪ್ಪ ತೀರಿಕೊಂಡ ಮೇಲೆ ಅಲ್ಲಿನ ಕ್ಯಾಲೆಂಡರಿನ ಹಾಳೆಯನ್ನೂ ಅವಳು ಮಗುಚಿರಲಿಲ್ಲ.

"ಬೊಬ್ಬೆ ಹಾಕ್ಬೇಡ ರೇಚು," ಎಂದು ತಾಯಿ ಸೆಲೀನ್ ಅಡುಗೆಮನೆಯಿಂದ ಓಡಿ ಬಂದರು. "ಮಣಿಪಾಲದ ಕಾಲೇಜಿನವರು. ನಮ್ಮ ಮನೆಯ ಗಾಳಿ ಪರೀಕ್ಷೆ ಮಾಡ್ತಾರಂತೆ. ನಾನೇ ಒಳಗೆ ಕರೆದದ್ದು."

ಅವನು ಇಳಿದು, ಮೊಳೆಗಳನ್ನು ಅಂಗೈಗೆ ಉಗುಳಿ, ನಾಚಿಕೆಯಿಂದ ನಕ್ಕ. "ರಾಯ್‌ಸ್ಟನ್. ಊರು ಕಾಪು. ಇದು ರೇಡಾನ್ ಅಳೆಯುವ ಡಬ್ಬಿ."

ಮುಷ್ಟಿಯೊಳಗೆ ಹಿಡಿಸುವ ಕಪ್ಪು ಡಬ್ಬಿ. ಒಳಗೊಂದು ಫಿಲ್ಮ್ ತುಂಡು.

"ಎಂತ ಅದು ರೇಡಾನ್?"

"ನೆಲದೊಳಗಿನ ಕಲ್ಲು-ಮಣ್ಣಿನಿಂದ ಹೊರಡುವ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಬಿರುಕಲ್ಲಿ ಮೇಲೆ ಬಂದು, ಮುಚ್ಚಿದ ಕೋಣೆಯಲ್ಲಿ ಉಳಿದುಬಿಡ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು... ಸಿಗರೇಟು ಮುಟ್ಟದವರಿಗೂ."

ಸಿಗರೇಟು ಮುಟ್ಟದವರಿಗೂ!

ರೇಚಲ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವಳ ಪಪ್ಪ ಕಜೆಟನ್ ಕುವೈಟಿನಲ್ಲಿ ಬೆವರು ಸುರಿಸಿ ಶಿರ್ವದಲ್ಲಿ ಈ ಮನೆ ಕಟ್ಟಿಸಿದವರು. ನೆಲಕ್ಕೆ ಹೊಳೆಯುವ ಗ್ರಾನೈಟ್, ಕಿಟಕಿಗೆ ಬಿಗಿಯಾದ ಗಾಜು, ಮಲಗುವ ಕೋಣೆಗೆ ಎ.ಸಿ. ಒಂದು ಸಿಗರೇಟೂ ಸೇದಿದವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಸಮಾಧಿಗೆ ಮಣ್ಣು ಹಾಕಿ ಕೈ ಕೊಡವುವ ಮೊದಲೇ ಊರಿನ ನಾಲಿಗೆ ಹೊರಳಿತ್ತು: 'ಗಲ್ಫಿನಲ್ಲಿ ಕದ್ದು ಸೇದ್ತಿದ್ದನಂತೆ ಮಾರಾಯ!'

ಆ ಮಾತು ಇಂದಿಗೂ ಅವಳೆದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅದಕ್ಕಿಂತ ದೊಡ್ಡ ಭಯ ಈಗ ಹುಟ್ಟಿತು... ಮಮ್ಮಿ ಇಂದಿಗೂ ಮಲಗುವುದು ಇದೇ ಕೋಣೆಯಲ್ಲಿ.

"ಹಾಕಿ," ಎಂದಳು ಮೆಲ್ಲಗೆ. "ಮೊಳೆ ಗಟ್ಟಿಯಾಗಿ ಹೊಡೆಯಿರಿ."

"ಮೂರು ತಿಂಗಳು ಇರಲಿ. ಮನೆ ಯಾವಾಗಲೂ ಹೇಗಿರ್ತದೋ ಹಾಗೇ ಇರಬೇಕು ಆಂಟಿ," ಎಂದು ಅವನು ಸೆಲೀನರಿಗೆ ಹೇಳಿ ಹೋದ.

ಡಬ್ಬಿ ಸರಿಯಾಗಿದೆಯೇ ಎಂದು ನೋಡಲು ಅವನು ಆಗಾಗ ಬರುತ್ತಿದ್ದ. ಸೆಲೀನ್ ಚಹಾ ಕೊಡುತ್ತಿದ್ದರು. ರೇಚಲ್ ಪ್ರಶ್ನೆಗಳನ್ನು ಕೊಡುತ್ತಿದ್ದಳು. ಅವನು ಗೊತ್ತಿದ್ದದ್ದನ್ನು ಹೇಳುತ್ತಿದ್ದ, ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ' ಎನ್ನುತ್ತಿದ್ದ.

ಅವನ ಬೈಕಿನ ಸದ್ದು ಗುರುತಿಸಲು ತನ್ನ ಕಿವಿ ಯಾವಾಗ ಕಲಿಯಿತು? ರೇಚಲ್‌ಗೇ ತಿಳಿಯಲಿಲ್ಲ.

ಮೂರು ತಿಂಗಳು ಕಳೆದು ಡಬ್ಬಿ ಇಳಿಸಿದ ಮೇಲೆ ಫಲಿತಾಂಶ ಬಂತು.

"ಒಳ್ಳೆಯ ಸುದ್ದಿ. ರೇಡಾನ್ ಕಡಿಮೆ ಉಂಟು," ಎಂದ. ಆದರೆ ಮುಖದಲ್ಲಿ ಸಂತೋಷವಿರಲಿಲ್ಲ.

ಸೆಲೀನ್ ಶಿಲುಬೆಯ ಗುರುತು ಹಾಕಿಕೊಂಡರು. ರೇಚಲ್‌ಳ ಮುಖ ಮಾತ್ರ ಬಿಳಿಚಿತು.

"ಹಾಗಾದರೆ ಪಪ್ಪ...? ಊರವರು ಹೇಳಿದ್ದೇ ನಿಜವಾ?"

"ಅದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ ರೇಚಲ್. ಒಬ್ಬರಿಗೆ ಕಾಯಿಲೆ ಯಾಕೆ ಬಂತು ಅಂತ... ಆದರೆ ಈ ಸಂಖ್ಯೆಯ ಮೇಲೆ ನನಗೇ ನಂಬಿಕೆ ಬರ್ತಾ ಇಲ್ಲ. ಕೆಳಗೆ ಬಂಡೆ, ಕೋಣೆ ಇಷ್ಟು ಬಿಗಿ. ಇನ್ನೊಮ್ಮೆ ಡಬ್ಬಿ ಇಡ್ತೇನೆ."

"ಸಾಕು!" ಅವಳ ದನಿ ಒಡೆಯಿತು. "ನಿಮಗೆ ಬೇಕಾದ ಸಂಖ್ಯೆ ಬರುವವರೆಗೆ ಸತ್ತವರ ಕೋಣೆಯಲ್ಲಿ ಮೊಳೆ ಹೊಡೀತಾ ಇರ್ತೀರಾ? ನಮ್ಮ ದುಃಖ ನಿಮಗೆ ಪ್ರಾಜೆಕ್ಟು! ಹೋಗಿ, ಇನ್ನು ಬರಬೇಡಿ."

ಅವನು ಚೀಲ ಹೆಗಲಿಗೇರಿಸಿದ. ಹೊರಟುಹೋದ.

ಅಂದು ಸಂಜೆ ತೇರ್ಸಾ ಪ್ರಾರ್ಥನೆ ಮುಗಿಸಿ, ಜಪಮಣಿ ಎತ್ತಿಟ್ಟು, ಸೆಲೀನ್ ಮೆಲ್ಲನೆ ಕೇಳಿದರು: "ರೇಚು, ಇನ್ನು ಕಿಟಕಿ ಮುಚ್ಚಬಹುದಲ್ವಾ? ಪರೀಕ್ಷೆ ಮುಗಿಯಿತಲ್ಲ."

"ಎಂತ ಹೇಳಿದೆ ಮಮ್ಮಿ?"

"ಮೂರು ತಿಂಗಳಿಂದ ಕೋಣೆಯ ಕಿಟಕಿ ಎಲ್ಲ ಹಾರುಹೊಡೆದು ಇಟ್ಟಿದ್ದೇನೆ. ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗಿದ್ದೆ. ಎ.ಸಿ. ಮುಟ್ಟಲಿಲ್ಲ. ಆ ಹುಡುಗನ ಬೈಕಿನ ಸದ್ದು ಕೇಳಿದರೆ ಮಾತ್ರ ಮುಚ್ಚಿಡ್ತಿದ್ದೆ."

"ಕರೆಂಟ್ ಬಿಲ್ಲಿಗೆ ಹೆದರಿ ಅಲ್ವಾ ಎ.ಸಿ. ಬಿಟ್ಟದ್ದು?"

"ಬಿಲ್ಲೂ ಇಲ್ಲ, ಗಿಲ್ಲೂ ಇಲ್ಲ. ಪಾದ್ರಿಗಳು ಮನೆ ಆಶೀರ್ವಾದಕ್ಕೆ ಬರುವಾಗ ಗುಡಿಸಿ ಒರೆಸಿ ಇಡುವುದಿಲ್ವಾ? ಮಣಿಪಾಲದವರು ಪರೀಕ್ಷೆ ಮಾಡುವಾಗ ನಿನ್ನ ಪಪ್ಪ ಕಟ್ಟಿಸಿದ ಮನೆ ಫೇಲ್ ಆದರೆ ಮರ್ಯಾದೆ ಎಲ್ಲಿ ಉಳೀತದೆ?"

ರೇಚಲ್ ತಲೆಯ ಮೇಲೆ ಕೈಯಿಟ್ಟು ಕುಳಿತಳು. ಮನೆ ಪಾಸಾಗಲೆಂದು ಅಮ್ಮನೇ ಕಾಪಿ ಹೊಡೆಸಿದ್ದರು! ನಗು ಬಂತು, ಅಳುವೂ ಬಂತು. 'ಅವನ ಅನುಮಾನ ಸರಿಯಿತ್ತು. ನಾನು ಅವನನ್ನು ಮೆಟ್ಟಿಲಿಳಿಸಿದೆ...'

ಆ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದದ್ದೇ ಅವಳು ಕಾರ್ಕಳದ ಬಸ್ಸು ಹತ್ತಿದಳು. ಅವನು ಅಲ್ಲಿ ಸಿಗುತ್ತಾನೆಂದು ಮಣಿಪಾಲದಿಂದ ಫೋನಿನಲ್ಲಿ ತಿಳಿದಿತ್ತು.

ಕಲ್ಲುಕೋರೆಯ ಪಕ್ಕ ಒಂದು ಸಾಲು ಬಾಡಿಗೆ ಕೋಣೆಗಳು. ಕೋರೆಯಲ್ಲಿ ದುಡಿಯುವವರ ಬಿಡಾರ. ಹಿಂದಿನ ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿ ಮುಚ್ಚಲಾಗಿತ್ತು. ಅಂಗಳದಲ್ಲಿ ಮಾಲೀಕ ದೇವದಾಸ ಕೂಗಾಡುತ್ತಿದ್ದ.

"ನನ್ನ ಬಾಡಿಗೆಯವರ ತಲೆ ಕೆಡಿಸ್ತೀಯಾ? ಅಳೆದಾಯ್ತಲ್ಲ, ಸಂಖ್ಯೆ ತೆಗೆದುಕೊಂಡು ಹೋಗಿ ಆಫೀಸಿನಲ್ಲಿ ಕೊಡು!"

"ಆಫೀಸಿಗೆ ಆಗಲೇ ಕೊಟ್ಟೆ," ಎಂದ ರಾಯ್‌ಸ್ಟನ್. ದನಿ ಏರಲಿಲ್ಲ, ಕಾಲೂ ಹಿಂದೆ ಸರಿಯಲಿಲ್ಲ. "ರೇಡಾನ್ ತುಂಬಿದ ಈ ಗಾಳಿ ಕುಡಿಯುವುದು ಈ ಕೋಣೆಯ ಚಂಪಕ್ಕ, ಆಫೀಸಲ್ಲ. ಬಡವರ ಮನೆಯ ಗಾಳಿ ಅಳೆದು ಅವರಿಗೇ ಹೇಳದಿದ್ದರೆ ಅದು ಕಳ್ಳತನ. ನಿಮ್ಮಲ್ಲಿ ಬಂಗಾರ ಕೇಳಲಿಲ್ಲ, ಕಿಟಕಿ ಕೇಳಿದ್ದೇನೆ."

ಬಾಗಿಲಲ್ಲಿ ನಿಂತಿದ್ದ ಚಂಪಕ್ಕ ಸೆರಗು ಸಿಕ್ಕಿಸಿದಳು. "ಧಣಿಗಳೇ, ದಿನಾ ಕಲ್ಲು ಒಡೆಯುವವರು ನಾವು. ಇಟ್ಟಿಗೆ ಒಡೆಯಲು ಎಷ್ಟು ಹೊತ್ತು? ನೀವು ಹೂಂ ಅನ್ನಿ, ಸಾಕು."

ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಜನ ಹೊರಬಂದು ಚಂಪಕ್ಕನ ಹಿಂದೆ ನಿಂತರು. ದೇವದಾಸ ಎಲ್ಲರನ್ನೂ ನೋಡಿದ, ಗಂಟಲು ಸರಿಮಾಡಿಕೊಂಡ. "ಒಡೆಯಿರಿ... ಮಳೆ ಬಂದರೆ ನನ್ನನ್ನು ಬೈಯಬೇಡಿ!"

ಮೊದಲ ಇಟ್ಟಿಗೆ ಉರುಳಿತು. ಕತ್ತಲ ಕೋಣೆಯೊಳಗೆ ಬೆಳಕು ಚಾಪೆಯಂತೆ ಬಿಚ್ಚಿಕೊಂಡಿತು.

ರೇಚಲ್‌ಳ ಎದೆ ತುಂಬಿತು. 'ಇವನನ್ನಾ ನಾನು ದುಃಖ ಲೆಕ್ಕ ಹಾಕುವವನು ಎಂದದ್ದು?'

ಅವನು ತಿರುಗಿದ. ಅವಳನ್ನು ಕಂಡು ಕೈಯಲ್ಲಿದ್ದ ಇಟ್ಟಿಗೆ ಇಳಿಸುವುದನ್ನೇ ಮರೆತ.

"ಮಮ್ಮಿ ಮೋಸ ಮಾಡಿದ್ದಾರೆ..." ಎಂದು ಅವಳು ಎಲ್ಲವನ್ನೂ ಹೇಳಿದಳು.

ಅವನು ಬೈಯಲಿಲ್ಲ. ಮೊದಲು ನಕ್ಕ, ಆಮೇಲೆ ಕಣ್ಣರಳಿಸಿದ. "ಅಂದರೆ ಕಿಟಕಿ ತೆರೆದರೆ ಕಡಿಮೆ ಆಗ್ತದೆ ಅಂತ ಸೆಲೀನ್ ಆಂಟಿ ನಮಗಿಂತ ಮೊದಲೇ ತೋರಿಸಿದ್ದಾರೆ!"

"ಇನ್ನೊಂದು ಡಬ್ಬಿ ಇಡ್ತೀರಾ? ಕ್ಷಮಿಸಿ... ಅವತ್ತು ನಾನು..."

"ಮೊಳೆ ಇನ್ನೂ ಗೋಡೆಯಲ್ಲೇ ಉಂಟಲ್ವಾ?"

ಈ ಸಲ ಸೆಲೀನ್ ಮಲಗಲು ಮೇಲಿನ ಕೋಣೆಗೆ ಹೋದರು. ಪಪ್ಪನ ಕೋಣೆ ಮೊದಲಿನಂತೆ ಮುಚ್ಚಿಯೇ ಇತ್ತು. ಸಂಖ್ಯೆ ಬಂದಾಗ ರಾಯ್‌ಸ್ಟನ್ ಸುತ್ತಿ ಬಳಸಿ ಮಾತಾಡಲಿಲ್ಲ. "ಜಾಸ್ತಿ. ತುಂಬಾ ಜಾಸ್ತಿ."

ರಜೆ ಹಾಕಿ ಬಂದು, ಕೆಲಸದವರೊಡನೆ ತಾನೂ ಮೊಣಕಾಲೂರಿ ನೆಲದ ಬಿರುಕು ಮುಚ್ಚಿದ. ನೆಲದಡಿಯ ಗಾಳಿಯನ್ನು ಮಾಡಿನ ಮೇಲಕ್ಕೆ ಎಳೆದೊಯ್ಯುವ ಪೈಪು, ಅದಕ್ಕೊಂದು ಫ್ಯಾನ್. ಮೂರನೆಯ ಡಬ್ಬಿ ಇಳಿಸಿದಾಗ ಸಂಖ್ಯೆ ಇಳಿದಿತ್ತು. ಸೆಲೀನ್ ತಮ್ಮ ದಿಂಬು ಹಿಡಿದು ಮರಳಿ ಕೋಣೆಗೆ ಬಂದರು.

ಆ ಸಂಜೆ ತೆರೆದ ಕಿಟಕಿಯ ಬಳಿ ರೇಚಲ್, ರಾಯ್‌ಸ್ಟನ್ ಇಬ್ಬರೇ ನಿಂತಿದ್ದರು.

"ಕೊನೆಯ ಸಲ ಕೇಳ್ತೇನೆ," ಎಂದಳು ರೇಚಲ್. "ಪಪ್ಪನನ್ನು ಕೊಂದದ್ದು ಇದೇನಾ?"

ಹೌದು ಎಂದಿದ್ದರೆ ಅವಳು ಆ ಕ್ಷಣವೇ ಅವನ ತೋಳಿಗೆ ಬೀಳುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

"ಗೊತ್ತಿಲ್ಲ ರೇಚಲ್. ಇರಬಹುದು. ಖಂಡಿತ ಅಂದರೆ ಸುಳ್ಳಾಗ್ತದೆ. ಸಿಗರೇಟು ಸೇದದವರಿಗೂ ಈ ಕಾಯಿಲೆ ಬರ್ತದೆ ಅನ್ನುವುದು ಮಾತ್ರ ಸತ್ಯ. ಅದನ್ನು ಇಗರ್ಜಿಯ ಅಂಗಳದಲ್ಲಿ ನಿಂತು ಹೇಳಲೂ ನಾನು ತಯಾರು."

ಅವಳ ಕಣ್ಣು ತುಂಬಿತು. ಎದೆಯ ಮುಳ್ಳು ಎಲ್ಲಿ ಕರಗಿತೋ!

"ಪಪ್ಪನೂ ಹೀಗೇ... ನನ್ನನ್ನು ನಗಿಸಲಿಕ್ಕೂ ಸುಳ್ಳು ಹೇಳಿದವರಲ್ಲ." ಅವಳು ಬಿರುಕು ಮುಚ್ಚಿದ ಅವನ ಕೈ ಹಿಡಿದಳು. "ಹಾಗಾದರೆ ಇದಕ್ಕೂ ಸತ್ಯ ಹೇಳಿ. ಡಬ್ಬಿ ನೋಡಲು ಅಷ್ಟು ಸಲ ಬರಬೇಕಿತ್ತಾ?"

ರಾಯ್‌ಸ್ಟನ್‌ನ ಕಿವಿ ಕೆಂಪಾಯಿತು.

"ಇಲ್ಲ... ಒಂದು ಸಲವೂ ಬರಬೇಕಿರಲಿಲ್ಲ."

"ಮತ್ತೆ?"

"ನೀನು ಇಷ್ಟ. ಮೊಳೆ ಬಾಯಲ್ಲಿ ಇದ್ದಾಗಿನಿಂದ."

"ಈಗ ಡಬ್ಬಿ ಇಲ್ಲವಲ್ಲ. ನಾಳೆ ಎಂತ ನೆಪ ಹೇಳಿ ಬರ್ತೀಯಾ?"

"ನೆಪ ಬೇಕಾ?"

ಅವಳು ಅಡ್ಡಡ್ಡ ತಲೆಯಾಡಿಸಿದಳು. "ಬೇಡ. ಬಾ, ಅಷ್ಟೇ."