ಎಡಕ್ಕೆ ಬಿದ್ದ ಹೂವು

"ದೇವರೇ ನೋಡ್ತಿಲ್ಲ ಅಂದ್ಮೇಲೆ ಸುಳ್ಳು ಹೇಳೋಕೆ ಏನ್ರೀ ಅಡ್ಡಿ?"

ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ, ಭಾಷಣ ಮಾಡುತ್ತಿದ್ದ ಮುರಳಿ ತಲೆ ಎತ್ತಿದ. 1998ರ ಒಂದು ಭಾನುವಾರ, ರಿಚರ್ಡ್ಸ್ ಟೌನಿನ ಪುಟ್ಟ ಸಭಾಂಗಣ. ದೇವರು, ಶಕುನ ನಂಬದ ಮೂವತ್ತು ಜನ ಸೇರಿ ಬದುಕು, ನಂಬಿಕೆ ಎಂದು ಚರ್ಚಿಸುವ ಗುಂಪದು. ಕೇಳಿದವಳು ಸಂಘಮಿತ್ರಾ, ಹಲಸೂರಿನ ಶಾಲೆಯೊಂದರ ಟೀಚರ್. ಬಂದ ಮೊದಲ ದಿನವೇ ಜಗಳ!

"ಎದುರಿಗಿರೋ ಮನುಷ್ಯನಿಗೆ ನೋವಾಗುತ್ತಲ್ರೀ... ಅದೇ ಅಡ್ಡಿ."

ಶಿವಾಜಿನಗರದಲ್ಲಿ ಮೋಟಾರು ಬಿಡಿಭಾಗ ಮಾರುವವನ ಬಾಯಲ್ಲಿ ಎಂಥ ಮಾತು! ಅವಳು ಅಲ್ಲೇ ಸೋತಳು. ಮಾತಿಗೆ ಮರುಳಾದವರಲ್ಲಿ ಅವಳೇ ಮೊದಲಿಗಳಲ್ಲ ಬಿಡಿ.

ಎರಡು ವರ್ಷದಲ್ಲಿ 'ನೀವು' ಹೋಗಿ 'ನೀನು' ಬಂತು. ಜಾತಕ ಬೇಡ, ಮುಹೂರ್ತ ಬೇಡ, ರಿಜಿಸ್ಟರ್ ಮದುವೆ ಸಾಕು ಎಂದು ಇಬ್ಬರೂ ನಿಶ್ಚಯಿಸಿದರು. ಆದರೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ನೋಟಿಸ್ ಕೊಡಲು ನಾಲ್ಕು ದಿನವಿದೆ ಎನ್ನುವಾಗ ಮುರಳಿ ತಡವರಿಸಿದ.

"ಒಂದು ವರ್ಷ ತಡೆಯೋಣ ಮಿತ್ರಾ. ನಮ್ಮ ಓನರ್ ಲತೀಫ್ ಸಾಹೇಬ್ರು ಹೊಸ ಅಂಗಡಿ ತೆಗೀತಿದಾರೆ, ಎಲ್ಲಾ ನಾನೇ ನೋಡ್ಕೋಬೇಕು."

ಅವಳು ನಂಬಿದಳು. ಅಪ್ಪ ಅಂಜನಮೂರ್ತಿ ನಂಬಲಿಲ್ಲ.

"ಹುಡುಗ ಜಾರ್ಕೊಳ್ತಿದಾನೆ ಕಣಮ್ಮ."

"ಮುರಳಿ ಸುಳ್ಳು ಹೇಳೋನಲ್ಲಪ್ಪಾ!" ಎಂದು ಅಪ್ಪನ ಮೇಲೆಯೇ ರೇಗಿದಳು.

ಆ ವಾರವೇ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಮುರಳಿಯ ತಾಯಿ ಮುನಿವೆಂಕಟಮ್ಮ ಎದುರಾದರು. ಅಕ್ಕರೆಯಿಂದ ಅವಳ ಕೈ ಹಿಡಿದರು.

"ಬೇಜಾರ್ ಮಾಡ್ಕೋಬೇಡ ತಾಯಿ. ನಿಮ್ಮ ಮದ್ವೆಗೆ ಅಂತ ದೇವ್ರ ಹತ್ರ ಹೂವು ಕೇಳಿದ್ವಲ್ಲ, ಬಲಕ್ಕೆ ಬೀಳ್ಲಿಲ್ಲ, ಎಡಕ್ಕೆ ಬಿತ್ತು. ಒಂದ್ ವರ್ಷ ಹೋಗ್ಲಿ, ಮತ್ತೆ ಕೇಳಾಣ. ಮುರಳೀನೂ ಸರಿ ಅಂದ. ನಿಂಗೆ ಹೇಳಿದಾನಲ್ಲ?"

ಹಾಗಾದರೆ ಹೊಸ ಅಂಗಡಿಯ ಮಾತು ಸುಳ್ಳು! ಅವಳಿಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ಅವರು ನಂಬಿದ್ದನ್ನು ಮಾಡಿದ್ದರು, ಮುಚ್ಚಿಡಲೂ ಇಲ್ಲ. ಆದರೆ ಅವನು?

ಶಿವಾಜಿನಗರದ ಬಸ್ಸು ಹತ್ತಿ ನೇರ ಅವನು ಕೆಲಸ ಮಾಡುವ ಅಂಗಡಿಗೆ ಹೋದಳು.

"ಹೊಸ ಅಂಗಡಿ ಎಲ್ಲಿ ಮುರಳಿ?"

ಅವನ ಮುಖ ಬಿಳಿಚಿಕೊಂಡಿತು.

"ಮಿತ್ರಾ... ಅದು..."

"ಹೇಳೋದು ಆಚಾರ, ಮಾಡೋದು ಅನಾಚಾರ! ನಿನ್ನ ಪರವಾಗಿ ನಮ್ಮಪ್ಪನ ಜೊತೆ ಜಗಳ ಆಡ್ಬಿಟ್ಟೆ ಕಣೋ!"

ಬೀದಿಯವರೆಲ್ಲ ತಿರುಗಿ ನೋಡಿದರು. ನೋಡಲಿ! ಅಳು ನುಂಗಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. 'ಇಷ್ಟು ದಿನ ನಾನು ಪ್ರೀತಿಸಿದ್ದು ಇವನನ್ನೋ, ಇವನ ಭಾಷಣವನ್ನೋ?'

ಇಪ್ಪತ್ತು ದಿನ ಮಾತಿಲ್ಲ. ಅವನು ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಭಾನುವಾರದ ಸಭೆಗೂ ಹೋಗಲಿಲ್ಲ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಮುರಳಿ ಅವಳ ಮನೆಗೇ ಬಂದ. ಮೊದಲು ನಿಂತದ್ದು ಅಂಜನಮೂರ್ತಿಯವರ ಮುಂದೆ.

"ಸಾರ್, ಅಂಗಡಿ ವಿಷ್ಯ ಸುಳ್ಳು. ನನ್ನಿಂದ ನಿಮ್ಮ ಮಗಳು ನಿಮ್ಮ ಮುಂದೆ ತಲೆ ತಗ್ಗಿಸೋ ಹಾಗಾಯ್ತು. ತಪ್ಪು ನಂದು, ಅವಳದ್ದಲ್ಲ."

ಅವರು "ಹೇಳೋದನ್ನ ಅವಳಿಗೇ ಹೇಳಪ್ಪ" ಎಂದು ಒಳಗೆ ಹೋದರು.

ಸಂಘಮಿತ್ರಾ ಬಾಗಿಲಲ್ಲೇ ನಿಂತಿದ್ದಳು.

"ನಮ್ಮಪ್ಪನ ಆಪರೇಷನ್ ಮುಂಚೆನೂ ಹೂವು ಎಡಕ್ಕೇ ಬಿದ್ದಿತ್ತು," ಎಂದ ಮುರಳಿ. "ಅಪ್ಪ ಉಳೀಲಿಲ್ಲ. ನಂಬಲ್ಲ ಮಿತ್ರಾ, ಈಗ್ಲೂ ನಂಬಲ್ಲ... ಆದ್ರೆ ನಿನಗೇನಾದ್ರೂ ಆದ್ರೆ ಅಂತ ಭಯ ಆಯ್ತು. ಭಯ ಅಂತ ಹೇಳೋಕೆ ನಾಚಿಕೆ ಆಯ್ತು."

"ಭಯ ಇದ್ದಿದ್ದಕ್ಕೆ ನಾನು ಬಿಟ್ಟೋಗ್ತಿದ್ನಾ?" ಅವಳ ಕಣ್ಣು ತುಂಬಿತು. "ಸುಳ್ಳು ಯಾಕೆ ಹೇಳ್ದೆ?"

"ನೀನು ಪ್ರೀತಿಸಿದ್ದು ಹೆದರದ ಮುರಳೀನ ಅಂದ್ಕೊಂಡೆ."

ಪೆದ್ದ! ಆ ಸಿಟ್ಟಿನಲ್ಲೂ ಅವಳಿಗೆ ಕರುಳು ಚುರುಕ್ ಎಂದಿತು.

"ಅಮ್ಮನಿಗೆ ಹೇಳ್ದೆ, ಇನ್ನು ಹೂವು ಕೇಳೋದು ಬೇಡ ಅಂತ. ಅತ್ತಳು. ಆಮೇಲೆ, ನೋಟಿಸ್ ಯಾವತ್ತು ಕೊಡ್ತೀರ ಅಂದ್ಲು. ನಿನ್ನನ್ನ ಕೇಳದೆ ದಿನ ಹೇಳ್ಲಿಲ್ಲ."

"ನನಗೂ ಈಗ ಭಯ ಮುರಳಿ..."

"ಯಾವುದ್ರ ಭಯ?"

"ನಿನ್ನನ್ನ ಮತ್ತೆ ನಂಬೋದಕ್ಕೆ."

ಅವನು ತಲೆ ತಗ್ಗಿಸಿದ. "ನಂಬೋವರೆಗೂ ದೂರದಲ್ಲೇ ಕಾಯ್ತೀನಿ."

ಅವಳು ಕಣ್ಣೊರೆಸಿಕೊಂಡು ಬಾಗಿಲಿಂದ ಪಕ್ಕಕ್ಕೆ ಸರಿದಳು.

"ದೂರ ನಿಂತ್ರೆ ನಂಬಿಕೆ ಹೇಗೋ ಬರುತ್ತೆ? ಒಳಗೆ ಬಾ."