ಬಾಟಲಿಗೆ ಇಳಿಬಿಟ್ಟ ತಂತಿ

ನಡೆದದ್ದನ್ನಷ್ಟೇ ಬರೆಯುತ್ತೇನೆ, ಡೈರಿಯಲ್ಲಿ ತಾರೀಖಿನ ಸಮೇತ ಇದೆ.

ಚಿಕ್ಕಪ್ಪನಿಗೆ ಹ್ಯಾಮ್ ರೇಡಿಯೋ ಹುಚ್ಚು, ಮನೆಯಲ್ಲೇ ಕೂತು ಮೈಕಿನಲ್ಲಿ ದೂರದೂರದ ಅಪರಿಚಿತರೊಡನೆ ಮಾತಾಡುತ್ತಿದ್ದರು. ಮೋಡ ಕವಿದಾಗ, ಮಿಂಚುವುದಕ್ಕೂ ಮೊದಲೇ, ಆಂಟೆನಾದ ತುದಿಯಿಂದ ವಿದ್ಯುತ್ತು ಗಾಳಿಗೆ ಸೋರತೊಡಗುತ್ತದೆ, ರೇಡಿಯೋ ಸುಯ್ಯೆನ್ನುತ್ತದೆ. "ಆ ಸದ್ದು ಏರಿದ್ರೆ ಯೋಚಿಸ್ತಾ ಕೂರಬೇಡ. ಆಂಟೆನಾ ತಂತಿ ಕಿತ್ತು ಈ ಗಾಜಿನ ಬಾಟಲಿಗೆ ಇಳಿಬಿಡು, ಕಿಡಿ ರೇಡಿಯೋಗೆ ಹಾರಲ್ಲ," ಎಂದು ಕಲಿಸಿದ್ದರು. ಪ್ರತಿ ಸಂಜೆ ಮೈಕನ್ನು ನನ್ನತ್ತ ಚಾಚಿ, "ಒಂದು ಮಾತಾಡೇ ಮೂಗಿ, ಜಗತ್ತೇನೂ ನಿನ್ನ ನುಂಗಲ್ಲ," ಎನ್ನುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ.

ಅವರು ಹೋಗಿ ಇಪ್ಪತ್ತು ದಿನವಾಗಿತ್ತು. ಮಧ್ಯಾಹ್ನ ಅವರ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಕುಳಿತಿದ್ದೆ. ಮೋಡ ಕವಿಯಿತು, ಸದ್ದು ಏರಿತು. ತಂತಿ ಕಿತ್ತು ಬಾಟಲಿಗೆ ಇಳಿಬಿಟ್ಟೆ. ಸದ್ದು ನಿಲ್ಲಲಿಲ್ಲ. ಪ್ಲಗ್ಗನ್ನೂ ಕಿತ್ತೆ. ರೇಡಿಯೋದ ದೀಪ ಆರಿತು. ಸದ್ದು ಹಾಗೇ ಇತ್ತು. ಕೋಣೆ ತಣ್ಣಗಿತ್ತು. ಮೈಕು ಮಾತ್ರ, ಈಗಷ್ಟೇ ಯಾರೋ ಹಿಡಿದು ಇಟ್ಟಂತೆ, ಬೆಚ್ಚಗಿತ್ತು.

ಅಡುಗೆಮನೆಯಿಂದ ಚಿಕ್ಕಮ್ಮ, "ಅದನ್ನ ಆಫ್ ಮಾಡೇ ತಾಯಿ, ತಲೆ ಚಿಟ್ಟು ಹಿಡೀತಿದೆ," ಎಂದರು.

ಅದು ಆಫೇ ಇತ್ತು. ಮೈಕ್ ಎತ್ತಿಕೊಂಡು, "ಚಿಕ್ಕಪ್ಪ, ನಾನಿದೀನಿ," ಎಂದೆ.

ಸದ್ದು ತಟ್ಟನೆ ನಿಂತಿತು, ಯಾರೋ ಕೇಳಿಸಿಕೊಳ್ಳಲು ಉಸಿರು ಹಿಡಿದಂತೆ. ಮುಂದೇನು ಹೇಳಬೇಕೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು ರೇಡಿಯೋ ಮತ್ತೆ ಸುಯ್ಯೆಂದಿತು.

"ಮತ್ತೆ ಯಾಕೆ ಹಾಕ್ದೆ?" ಎಂದರು ಚಿಕ್ಕಮ್ಮ.

ಈಗ ಮೋಡವಿರಲಿ, ಬಿಸಿಲಿರಲಿ, ದಿನಾ ಮಧ್ಯಾಹ್ನ ಆ ಕೋಣೆಯಲ್ಲಿ ಕುಳಿತು ಹಿಂದಿನ ದಿನದ ಡೈರಿಯನ್ನು ಗಟ್ಟಿಯಾಗಿ ಓದುತ್ತೇನೆ. ಓದುವಷ್ಟು ಹೊತ್ತು ರೇಡಿಯೋ ಸುಮ್ಮನಿರುತ್ತದೆ. ಪ್ಲಗ್ಗನ್ನು ಆವತ್ತಿನಿಂದ ಯಾರೂ ಹಾಕಿಲ್ಲ.