ಸೋನೆಕಣಿವೆಯ ಹಾವಸೆಗಳನ್ನು ಕರೆದವಳು

ಕರಡಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಸೋಮಾವತಿ ಎಂಬ ರಾಜ್ಯವಿತ್ತು. ಅದರ ನಡುವೆ ಸೋನೆಕಣಿವೆ. ಅಲ್ಲಿ ಬಂಡೆಗೆ ಹಾವಸೆಯೇ ಕಂಬಳಿ, ಮರಕ್ಕೆ ಹಾವಸೆಯೇ ಅಂಗಿ. ಕಣಿವೆಯ ಮಕ್ಕಳು ಅಂಬೆಗಾಲಿಡುವಾಗಲೇ ಅವುಗಳ ಹೆಸರು ಕಲಿಯುತ್ತಿದ್ದರು.

ಆ ರಾಜ್ಯದಲ್ಲೊಂದು ಕಟ್ಟಳೆ. ಹೊಸಬರು ಪಟ್ಟಕ್ಕೆ ಬಂದಾಗ ಕಣಿವೆಯಲ್ಲಿ ಹುಟ್ಟಿದವರೊಬ್ಬರು ಅದನ್ನು ಬರಿಗಾಲಲ್ಲಿ ಸುತ್ತಬೇಕು. ಪ್ರತಿ ಬಗೆಯ ಹಾವಸೆಗೂ ನೀರು ಚಿಮುಕಿಸಿ, ಅದು ಕಣ್ಣು ಬಿಟ್ಟ ಮೇಲೆ ಹೆಸರು ಹಿಡಿದು ಕರೆಯಬೇಕು. ತಪ್ಪು ಹೆಸರು ಕೂಗಿದರೆ ಅದು ಸತ್ತೇಹೋಗುತ್ತದೆ. ಹೊತ್ತು ಮುಳುಗುವುದರೊಳಗೆ ಒಂದೇ ಒಂದು ತಪ್ಪಿಹೋದರೂ ಕಣಿವೆ ಅದನ್ನು ಮೊದಲು ಕೇಳಿದವರ ಪಾಲು.

ಪದ್ಮಲೆ ರಾಣಿಯಾದಾಗ ಬೂದಿಕಣ್ಣನೆಂಬ ಮಾಂತ್ರಿಕ ಕಣಿವೆಯನ್ನು ಕೇಳಿದ. ಅದನ್ನು ಸುಟ್ಟು ಆ ಬೂದಿ ಬಳಿದುಕೊಂಡರೆ ಅವನಿಗೆ ಸಾವಿಲ್ಲ. ಈ ದಿನಕ್ಕೆಂದೇ ಅವನು ಬಹಳ ಹಿಂದೆ ಕಣಿವೆಯವರನ್ನೆಲ್ಲ ಕಲ್ಲು ಮಾಡಿದ್ದ. ಉಳಿದವಳು ಸಿರಿಯವ್ವ ಒಬ್ಬಳೇ, ಹರೆಯದಲ್ಲೇ ಮದುವೆಯಾಗಿ ಉಪ್ಪಿನ ನಾಡಿಗೆ ಹೋದವಳು. ಅಲ್ಲಿ ಗೋಡೆಗೆ ಹತ್ತುವುದು ಬಿಳಿ ಉಪ್ಪು ಮಾತ್ರ. ಒಮ್ಮೆ ಬಾವಿಕಟ್ಟೆಯ ಸಂದಿಯಲ್ಲಿ ಹಸಿರು ಚುಕ್ಕೆಯೊಂದು ಕಂಡಾಗ, ಒಲೆಯ ಮೇಲಿನ ಸಾರು ಮರೆತು ಅದರ ಪಕ್ಕ ಕೂತಿದ್ದಳು. ಬಿಸಿಲೇರಿದ ಮೇಲೆ ಅದೂ ಉಳಿಯಲಿಲ್ಲ.

ರಾಣಿಯ ಪಲ್ಲಕ್ಕಿ ಬಂದಾಗ ಸಿರಿಯವ್ವನ ತಲೆ ನರೆತಿತ್ತು. ಬೆಳಗಿನ ಜಾವ ಕಣಿವೆಗೆ ಕಾಲಿಟ್ಟಳು. ಅಲ್ಲಿ ಹರಿಯುತ್ತಿದ್ದ ಹಳ್ಳವೇ ಇರಲಿಲ್ಲ. ಬೂದಿಕಣ್ಣ ಅದನ್ನು ಸೋರೆಬುರುಡೆಯೊಳಗೆ ತುಂಬಿಕೊಂಡಿದ್ದ. ಹಾವಸೆಗಳೆಲ್ಲ ಒಣಗಿ ಕರ್ರಗಾಗಿದ್ದವು. ಕೆಂಡದ ಪಂಜದ ಹುಲಿಯೊಂದು ದಾರಿಗಡ್ಡ ನಿಂತಿತು.

"ಇವೆಲ್ಲ ಸತ್ತಿವೆ. ಹೋಗು ಮನೆಗೆ."

"ಸತ್ತಿಲ್ಲ ಕಣಪ್ಪ, ಮಲಗಿವೆ. ನೀನು ಮಧ್ಯಾಹ್ನ ಮಲಗಲ್ವಾ?"

ಅವಳು ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಸೆರಗು ಎಳೆದಾಡಿದಳು. ಬಂಡೆಯ ಮೇಲೆ ಹಿಂಡಿದಳು. ಕಪ್ಪು ಎಳೆಗಳು ಮೆಲ್ಲಗೆ ಬಿಚ್ಚಿ ಹಸಿರಾದವು. "ನವಿಲುಗರಿ! ಬೆಕ್ಕಿನಬಾಲ! ಎಳೆಬೆಳ್ಳಿ!" ನಾಲ್ಕು ಹನಿಯನ್ನು ಹುಲಿಯ ಪಂಜಕ್ಕೂ ಹಿಂಡಿದಳು. ಕೆಂಡ ಆರಿತು. ಹುಲಿ ಪಂಜ ನೆಕ್ಕುತ್ತ ಹೊರಟುಹೋಯಿತು.

ಗವಿಯ ಬಾಯಲ್ಲಿ ಗುಡ್ಡದಷ್ಟು ದೊಡ್ಡ ಕರಡಿ ಕೂತಿತ್ತು. ಪುಟ್ಟ ಕೊಡೆ ಹಿಡಿದು ನೆಲಕ್ಕೆ ಚಪ್ಪಟೆಯಾಗಿ ಅಂಟುವ ಕಪ್ಪೆಕೊಡೆ ಎಂಬ ಹಾವಸೆ ಬೆಳೆಯುವುದು ಆ ಗವಿಯಲ್ಲೇ.

"ಏಳಲ್ಲ ಅಕ್ಕ. ಕೂತಲ್ಲೇ ಕೂರು ಅಂತ ಮಾಂತ್ರಿಕ ಕಟ್ಟಿಹಾಕಿದ್ದಾನೆ. ಬೆನ್ನು ಬೇರೆ ಕಡಿಯುತ್ತೆ."

ಸಿರಿಯವ್ವ ಅದರ ಬೆನ್ನ ಮೇಲೆ ಕಣ್ಣಾಡಿಸಿ ನಕ್ಕಳು. "ಕಡಿಯದೇ ಇನ್ನೇನು? ಕಪ್ಪೆಕೊಡೆ ಇಲ್ಲೇ ಹಬ್ಬಿದೆ!" ಸೆರಗಿನ ನೀರು ಚಿಮುಕಿಸಿ ಹೆಸರು ಕೂಗಿ, ತುರಿಸಿಯೂ ಕೊಟ್ಟಳು. ಕರಡಿ ಸುಖಕ್ಕೆ ಗೊರಕೆ ಹೊಡೆಯಿತು.

ಒಂದೊಂದನ್ನೇ ಕರೆಯುತ್ತ ಹೊತ್ತು ಇಳಿಯಿತು. ಕಣಿವೆಯ ತುದಿಯಲ್ಲಿ ಅವಳ ತಮ್ಮ ದ್ಯಾವಣ್ಣ ಕಲ್ಲಾಗಿ ನಿಂತಿದ್ದ. ಅವನ ಹೆಗಲ ಮೇಲೆ ಒಣಗಿದ ಹಾವಸೆಯೊಂದು, ಕರೆಯಲು ಉಳಿದದ್ದು ಅದೊಂದೇ. ಅವಳು ಸೆರಗಿನ ಕೊನೆಯ ಹನಿ ಹಿಂಡಿದಳು, ಅದು ಮೆತ್ತಗೆ ಅರಳಿತು. ಅಷ್ಟರಲ್ಲಿ ಬೂದಿಕಣ್ಣ ಎದುರು ಬಂದು ಮರೆವಿನ ಹೊಗೆ ಊದಿದ. ಹೆಸರು ನಾಲಿಗೆಯ ತುದಿಯಿಂದ ಜಾರಿಹೋಯಿತು.

"ಏನಮ್ಮಾ, ತವರು ಮರೆತುಹೋಯ್ತಾ?" ಅವನು ಕೆಣಕಿದ. "ಯಾವುದೋ ಒಂದು ಕೂಗಿಬಿಡು. ಇಲ್ಲಿ ಯಾರಿದ್ದಾರೆ ಕೇಳೋಕೆ?"

ಸೂರ್ಯ ಮರಗಳ ಹಿಂದೆ ಅರ್ಧ ಮುಳುಗಿದ್ದ. ಸಿರಿಯವ್ವ ಇಲ್ಲದ ಹೆಸರು ಕಟ್ಟಲು ಹೋಗಲಿಲ್ಲ. ಮದುವೆಮನೆಯಲ್ಲಿ ಗುರುತು ಸಿಗದ ಮಗುವಿನ ಗಲ್ಲ ಹಿಡಿದು ಕಣಿವೆಯ ಮುದುಕಿಯರು ಕೇಳುತ್ತಿದ್ದಂತೆ, ಬಾಗಿ ಕೇಳಿದಳು: "ಯಾರ ಮನೆ ಮಗಳೇ ನೀನು? ನನಗೆ ಮರೆತುಹೋಗಿದೆ ಕಣವ್ವ."

ಹಾವಸೆ ಹೇಳಿತು: "ತೊಟ್ಟಿಲಹಾಸು ನಾನು. ನೀನು ಹುಟ್ಟಿದಾಗ ನಿನ್ನ ಕೆಳಗೆ ಹಾಸಿದ್ದು ನನ್ನನ್ನೇ. ಹೆಸರು ಗೊತ್ತಾಗುವ ವಯಸ್ಸೇನು ಅದು?"

ಸಿರಿಯವ್ವ ಕಣಿವೆಯೆಲ್ಲ ಕೇಳುವಂತೆ ಕೂಗಿದಳು: "ತೊಟ್ಟಿಲಹಾಸೂ!"

ಸೋರೆಬುರುಡೆ ಒಡೆಯಿತು. ಹಳ್ಳ ಭೋರೆಂದು ಧುಮುಕಿತು. ಬೂದಿಕಣ್ಣ ಅದರಲ್ಲಿ ಕರಗಿ ಕದಡಿದ ನೀರಾಗಿ ಹರಿದುಹೋದ. ಕಲ್ಲಾದವರೆಲ್ಲ ಉಸಿರೆಳೆದುಕೊಂಡರು. ಮೀಸೆ ಚಿಗುರುವ ವಯಸ್ಸಿನ ದ್ಯಾವಣ್ಣ ಕಣ್ಣುಜ್ಜಿಕೊಂಡು ನೋಡಿದ.

"ಅಕ್ಕಾ! ಇಷ್ಟು ಮುದುಕಿಯಾಗಿಬಿಟ್ಟೆಯಲ್ಲೇ!"

"ನಿನ್ನ ಹಾಗೆ ಕಲ್ಲಾಗಿ ನಿಲ್ಲೋಕೆ ನನಗೆ ಪುರುಸೊತ್ತಿತ್ತೇನೋ?" ಎಂದು ಅವನ ಕಿವಿ ಹಿಂಡಿದಳು. ಆಮೇಲೆ ಬಿಡದೆ ತಬ್ಬಿಕೊಂಡಳು.

ರಾಣಿ ಕಣಿವೆಯನ್ನು ಕಾಪಾಡಿಕೊಂಡು ಬಂದಳು. ಸಿರಿಯವ್ವನ ಗಂಡನನ್ನು ಉಪ್ಪಿನ ನಾಡಿನಿಂದ ಪಲ್ಲಕ್ಕಿಯಲ್ಲಿ ಕರೆತಂದರು. ಅವನು ಇಳಿದ ಕೂಡಲೇ ಹಾವಸೆಯ ಮೇಲೆ ಜಾರಿ ಬಿದ್ದ. ಕಣಿವೆಗೆ ಕಣಿವೆಯೇ ನಕ್ಕಿತು, ಆ ನಗುವಿನಲ್ಲೇ ಎಲ್ಲರೂ ಬಹುಕಾಲ ಬಾಳಿದರು.